‘ಯಾರ ಪೈಕಿ?’ ಎಂದು ಕೇಳುವ ಊರಲ್ಲಿ

(ಬಾಗಲಕೋಟೆ ನವನಗರದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ: “ನಿಮ್ಮ ಪತ್ರಿಕೆಯಲ್ಲಿ ತಿಂಗಳು ತಿಂಗಳೂ ಕೇರಿಯ ಕಥೆ, ಅವಮಾನದ ಕಥೆಗಳೇ ಜಾಸ್ತಿ. ನಾನೂ ಮುಳುಗಡೆಯಲ್ಲಿ ಮನೆ ಕಳಕೊಂಡವನು. ಪರಕೀಯತೆ ಅಂದರೇನು ಎಂದು ನನಗೂ ಗೊತ್ತು. ಅದು ಮನುಷ್ಯನಿಗೆ ಆಗುವಂಥದ್ದು, ಜಾತಿಗಲ್ಲ. ಈಗ ಎಲ್ಲರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ. ನಮ್ಮ ಸಾಹಿತ್ಯ ಇನ್ನಾದರೂ ಈ ಗುರುತಿನ ಗಲಾಟೆ ಬಿಟ್ಟು ಮನುಷ್ಯನ ಬಗ್ಗೆ ಬರೆಯಬಾರದೇ?” ಜೊತೆಗೆ ತಮ್ಮದೊಂದು ಕಥೆಯನ್ನೂ ಕಳಿಸಿದ್ದಾರೆ.)

ಮಾಸ್ತರರಿಗೆ ನಮಸ್ಕಾರ.

ಪತ್ರ ಖಾರವಾಗಿದೆ, ಒಳ್ಳೆಯದೇ ಆಯಿತು. ‘ಸಂಚಿಕೆ ಚೆನ್ನಾಗಿ ಬಂದಿದೆ’ ಎನ್ನುವ ಪತ್ರಗಳಿಗೆ ಉತ್ತರ ಬರೆಯಲು ಏನೂ ಇರುವುದಿಲ್ಲ.

ಮೊದಲು ಮುಳುಗಡೆಯ ಮಾತು. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳಿಗೆ ಬರುವ ತನಕ ಜನ ದಶಕಗಟ್ಟಲೆ ಕಾಯುತ್ತಾ ಕೂತರು. ಮನೆಗೆ ಸುಣ್ಣ ಹಚ್ಚಬೇಕೋ ಬೇಡವೋ? ಮೇಲೊಂದು ಖೋಲಿ ಕಟ್ಟಿಸಬೇಕೋ, ಸುಮ್ನೆ ಇರಬೇಕೋ? ಕೊನೆಗೆ ಓಣಿಯ ಹೆಸರು ಹೋಯಿತು. ಸೆಕ್ಟರ್ ನಂಬರು, ಪ್ಲಾಟ್ ನಂಬರು ಬಂತು. ಇದು ಪರಕೀಯತೆ ಅಲ್ಲ ಎಂದು ಯಾರಾದರೂ ಹೇಳಿದರೆ ನಾನೇ ಅವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಇದನ್ನು ಕನ್ನಡದಲ್ಲಿ ಸಾಲುವಷ್ಟು ಬರೆದಿಲ್ಲ ಎಂಬುದು ನನ್ನ ಹಳೆಯ ದೂರು.

ಆದರೆ ಮಾಸ್ತರೇ, ಹೊಲ ಮುಳುಗಿದಾಗ ಪರಿಹಾರದ ಲೆಕ್ಕ ಶುರುವಾಗುವುದು ಉತಾರದಿಂದ, ಅಂದರೆ ಜಮೀನಿನ ಪಹಣಿಯಿಂದ. ಅದೇ ಹೊಲದಲ್ಲಿ ತಲೆಮಾರುಗಳಿಂದ ಕಳೆ ಕಿತ್ತವರ ಹೆಸರು ಉತಾರದಲ್ಲಿ ಎಲ್ಲಿರುತ್ತದೆ? ನೀರು ಇಬ್ಬರ ಮನೆಗೂ ಬಂತು, ಹಣ ಹಾಗೆ ಬರಲಿಲ್ಲ. ಮನುಷ್ಯನಿಗೆ ಆಗುವಂಥದ್ದು ಎಂದು ನೀವು ಬರೆದಿದ್ದೀರಲ್ಲ, ಯಾವ ಮನುಷ್ಯನಿಗೆ ಎಷ್ಟು ಆಯಿತು ಎಂದು ಕೇಳಿದ ಕೂಡಲೇ ಜಾತಿ, ಜಮೀನು ಎರಡೂ ಬಂದು ಎದುರಿಗೆ ನಿಲ್ಲುತ್ತವೆ. ನಾವು ಕರೆಯಬೇಕಾಗಿಲ್ಲ.

ಸಾಹಿತ್ಯದಲ್ಲೂ ಇದೇ ಕಥೆ. ನವ್ಯದವರು, ಅಂದರೆ ಐವತ್ತು-ಅರವತ್ತರ ದಶಕದ ಹೊಸ ಪಂಥದ ಲೇಖಕರು, ಪರಕೀಯತೆಯನ್ನು ತುಂಬಾ ಬರೆದರು. 1965ರ ‘ಸಂಸ್ಕಾರ’ ತೆಗೆದುಕೊಳ್ಳಿ. ಬ್ರಾಹ್ಮಣ ಆಚಾರ ಬಿಟ್ಟ ನಾರಣಪ್ಪನ ಹೆಣ ಬಿದ್ದಿದೆ, ಸುಡುವವರು ಯಾರು ಎಂದು ಇಡೀ ಅಗ್ರಹಾರ ತಲೆ ಕೆಡಿಸಿಕೊಂಡಿದೆ. ಪ್ರಾಣೇಶಾಚಾರ್ಯರು ತಾನು ಯಾರು ಎಂದು ಪುಟಗಟ್ಟಲೆ ತೊಳಲಾಡುತ್ತಾರೆ. ದೊಡ್ಡ ಕಾದಂಬರಿ, ಅನುಮಾನವೇ ಇಲ್ಲ. ಆದರೆ ನಾರಣಪ್ಪನನ್ನು ಕೊಂದ ಅದೇ ಪ್ಲೇಗಿನಲ್ಲಿ ಹೊಲಗೇರಿಯಲ್ಲೂ ಜನ ಸಾಯುತ್ತಾರೆ. ಅವರನ್ನು ಗುಡಿಸಲ ಸಮೇತ ಸುಡುತ್ತಾರೆ. ಆ ಹೆಣಗಳಿಗಾಗಿ ಯಾರೂ ಗ್ರಂಥ ಬಿಚ್ಚುವುದಿಲ್ಲ. ಅನಂತಮೂರ್ತಿ ಅದನ್ನು ಕಂಡಿದ್ದಾರೆ, ಬರೆದೂ ಇದ್ದಾರೆ. ಕಥೆ ಮಾತ್ರ ಆಚಾರ್ಯರ ಹಿಂದೆಯೇ ಹೋಗುತ್ತದೆ. ಗುಡಿಸಲಿನ ಕಡೆಯಿಂದ ಆ ಬೆಂಕಿಯನ್ನು ನೋಡಿದವರು ಕನ್ನಡದಲ್ಲಿ ಬರೆಯಲು ಶುರು ಮಾಡಿದ್ದು ಎಪ್ಪತ್ತರ ದಶಕದಲ್ಲಿ. ಆವತ್ತಿನಿಂದ ನವ್ಯದ ‘ನಾನು ಯಾರು?’ ಎಂಬ ಪ್ರಶ್ನೆ ಸ್ವಲ್ಪ ಸಣ್ಣದಾಗಿ ಕಾಣತೊಡಗಿತು ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಾಗಿಲ್ಲ.

ಯಾಕೆಂದರೆ ಆ ಪ್ರಶ್ನೆ ಕೇಳಿಕೊಳ್ಳಲೂ ಒಂದು ಪುರುಸೊತ್ತು ಬೇಕು. ಕೇರಿಯ ಹುಡುಗನಿಗೆ ಆ ಪುರುಸೊತ್ತು ಸಿಗುವ ಮೊದಲೇ ಬೇರೆಯವರು ಬಂದು ‘ನೀ ಯಾರವ?’ ಎಂದು ಕೇಳಿರುತ್ತಾರೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಕೇಳುವುದಿಲ್ವಾ, ‘ಯಾವೂರ್ರೀ? ಅಡ್ಡಹೆಸರೇನ್ರೀ? ಯಾರ ಪೈಕಿ?’ ಪಾಟೀಲರಿಗೂ ಕುಲಕರ್ಣಿಯವರಿಗೂ ಇದು ಬರೀ ಪರಿಚಯದ ಮಾತು. ಕಾಂಬಳೆಗೆ, ಮಾದರಗೆ ಆ ಮೂರನೇ ಪ್ರಶ್ನೆ ಬರುವ ಮೊದಲು ತಮ್ಮ ಸ್ಟಾಪ್ ಬಂದರೆ ಸಾಕು.

ಓಂಪ್ರಕಾಶ್ ವಾಲ್ಮೀಕಿಯವರ ಹಿಂದಿ ಆತ್ಮಕಥೆ ‘ಜೂಠನ್’ (1997) ನಮ್ಮ ಬೆಳಗಾವಿ ಸೀಮೆಯವರು ಓದಲೇಬೇಕಾದ ಪುಸ್ತಕ. ಶಾಲೆಯಲ್ಲಿ ಹೆಡ್‌ಮಾಸ್ತರು ಪಾಠ ಬಿಡಿಸಿ ದಿನಗಟ್ಟಲೆ ಮೈದಾನ ಗುಡಿಸಲು ಹಚ್ಚಿದ ಪ್ರಸಂಗ ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಕಾಡುವುದು ಆಮೇಲಿನ ಭಾಗ. ಉತ್ತರ ಪ್ರದೇಶದ ಈ ತರುಣ ಕೆಲಸಕ್ಕೆಂದು ಮಹಾರಾಷ್ಟ್ರದ ಅಂಬರನಾಥಕ್ಕೆ ಬರುತ್ತಾರೆ. ಉತ್ತರದ ಕಡೆ ‘ವಾಲ್ಮೀಕಿ’ ಎಂದರೆ ಕಸ ಗುಡಿಸುವ ಕೆಲಸಕ್ಕೆ ಹಚ್ಚಿದ ದಲಿತ ಜಾತಿಯ ಹೆಸರು; ಇಲ್ಲಿನವರಿಗೆ ಆ ಅಡ್ಡಹೆಸರಿನ ಅರ್ಥ ಗೊತ್ತಿಲ್ಲ. ಬ್ರಾಹ್ಮಣರಿರಬೇಕು ಎಂದುಕೊಳ್ಳುತ್ತಾರೆ. ಕುಲಕರ್ಣಿ ಎಂಬ ಮನೆಯವರು ಆದರದಿಂದ ಕಾಣುತ್ತಾರೆ. ಆ ಮನೆಯ ಮಗಳಿಗೆ ಇವರ ಮೇಲೆ ಮನಸ್ಸಾಗುತ್ತದೆ. ಒಂದು ದಿನ ಅದೇ ಮನೆಗೆ ಕಾಂಬಳೆ ಎಂಬ ದಲಿತ ಪ್ರಾಧ್ಯಾಪಕರು ಬರುತ್ತಾರೆ. ಅವರಿಗೆ ಚಹಾ ಬರುವುದು ಬೇರೆ ಕಪ್ಪಿನಲ್ಲಿ. ವಾಲ್ಮೀಕಿ ಆ ಕಪ್ಪು ನೋಡುತ್ತಾರೆ. ಆಮೇಲೆ ಹುಡುಗಿಗೆ ತಮ್ಮ ಜಾತಿ ಹೇಳುತ್ತಾರೆ. ಅಲ್ಲಿಗೆ ಆ ಸಂಬಂಧ ಮುಗಿಯಿತು. ಮನುಷ್ಯ ಅವನೇ, ಮಾತು ಅದೇ, ಓದು ಅದೇ. ಹೆಸರಿನ ಅರ್ಥ ಗೊತ್ತಾದದ್ದಷ್ಟೇ ಬದಲಾವಣೆ. ಇದನ್ನು ಮನುಷ್ಯನ ಕಥೆ ಎನ್ನುತ್ತೀರೋ, ಜಾತಿಯ ಕಥೆ ಎನ್ನುತ್ತೀರೋ?

ಇನ್ನೂ ಹತ್ತಿರದ್ದು ಬೇಕಾ? ವಿಜಯಪುರದಿಂದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿನ ಅಕ್ಕಲಕೋಟ ತಾಲೂಕಿನ ಹನ್ನೂರಿನವರು ಶರಣಕುಮಾರ ಲಿಂಬಾಳೆ. 1984ರಲ್ಲಿ ಬಂದ ಮರಾಠಿ ಆತ್ಮಕಥೆ ‘ಅಕ್ಕರಮಾಶಿ’ಯಲ್ಲಿ ತಾಯಿ ಮಹಾರ ಕೇರಿಯವರು, ಹುಟ್ಟಿಸಿದ ಅಪ್ಪ ಲಿಂಗಾಯತ ಪಾಟೀಲ, ಅಜ್ಜನಂತೆ ಸಾಕಿದವರು ಮುಸ್ಲಿಂ. ಶಾಲೆಗೆ ಹಚ್ಚುವಾಗ ಅಪ್ಪನ ಹೆಸರು ಏನೆಂದು ಬರೆಸಬೇಕು ಎಂಬಲ್ಲಿಂದಲೇ ತೊಡಕು. ಇನ್ನು ಗಡಿಯೇ ಬೇಡ ಎಂದರೆ ನಮ್ಮ ಮುದ್ದೇಬಿಹಾಳದಲ್ಲೇ ಹುಟ್ಟಿದ ಅರವಿಂದ ಮಾಲಗತ್ತಿಯವರಿದ್ದಾರೆ. ಮೀಸಲಾತಿಯಲ್ಲಿ ಓದಿದವರನ್ನು ಚುಚ್ಚಲು ಆಡುತ್ತಿದ್ದ ಮಾತನ್ನೇ ಅವರು ತಮ್ಮ ಆತ್ಮಕಥನಕ್ಕೆ ಹೆಸರಾಗಿ ಇಟ್ಟರು: ‘ಗೌರ್ಮೆಂಟ್ ಬ್ರಾಹ್ಮಣ’ (1994).

‘ನಾವು ಬಸವಣ್ಣನ ನಾಡಿನವರು’ ಎಂದೂ ಬರೆದಿದ್ದೀರಿ. ಸರಿ. ‘ಇವನಾರವ ಇವನಾರವ ಇವನಾರವನೆಂದೆನಿಸದಿರಯ್ಯಾ’ ಎಂದು ಮೂರು ಮೂರು ಸಲ ಹೇಳಬೇಕಾಗಿ ಬಂದದ್ದು ಯಾಕೆ? ಹನ್ನೆರಡನೇ ಶತಮಾನದಲ್ಲೂ ಜನ ಅದನ್ನೇ ಕೇಳುತ್ತಿದ್ದರು, ಅದಕ್ಕೆ. ಬಸವನ ಬಾಗೇವಾಡಿಯಿಂದ ಹೊರಡುವ ಬಸ್ಸಿನಲ್ಲಿ ಈಗಲೂ ಕೇಳುತ್ತಾರೆ.

ಹೋಟೆಲಿನ ಚಹಾದ ಮಾತು ನಿಜ, ಅದು ಸಣ್ಣ ಬದಲಾವಣೆಯಲ್ಲ. 1935ರಲ್ಲಿ ಬಂದ ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ನಲ್ಲಿ ಕಸ ಗುಡಿಸುವ ಹುಡುಗ ಬಾಖಾ ನಾಲ್ಕಾಣೆಯ ಜಿಲೇಬಿ ಕೊಳ್ಳುತ್ತಾನೆ. ಅಂಗಡಿಯವನು ಪೊಟ್ಟಣ ಎಸೆಯುತ್ತಾನೆ. ಬಾಖಾ ಇಟ್ಟ ನಾಣ್ಯಕ್ಕೆ ನೀರು ಚಿಮುಕಿಸಿಯೇ ಎತ್ತಿಕೊಳ್ಳುವುದು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ, ಒಪ್ಪಿದೆ. ಆದರೆ ನಿಮ್ಮ ಸೆಕ್ಟರಿನಲ್ಲೇ ಬಾಡಿಗೆ ಮನೆ ಹುಡುಕಿದ ಯಾವನಾದರೂ ದಲಿತ ನೌಕರನನ್ನು ಒಮ್ಮೆ ಕೇಳಿ ನೋಡಿ. ಅಥವಾ ಮುಸ್ಲಿಂ ನರ್ಸ್ ಒಬ್ಬರನ್ನು.

ಒಂದು ವಿಷಯದಲ್ಲಿ ನಾನು ನಿಮ್ಮ ಕಡೆಗೇ ಇದ್ದೇನೆ. ಕೇರಿ ಬಂದ ಮಾತ್ರಕ್ಕೆ ಕಥೆ ಆಗುವುದಿಲ್ಲ. ಮೀಸೆ ತಿರುವುವ ಗೌಡ, ಅಳುವ ಹುಡುಗಿ, ಕೊನೆಗೊಂದು ಕ್ರಾಂತಿಯ ಹಾಡು: ಇಂಥವು ನಮ್ಮ ಟೇಬಲ್ಲಿಗೆ ರಾಶಿ ಬರುತ್ತವೆ, ಅಷ್ಟೇ ಬೇಗ ವಾಪಸ್ಸೂ ಹೋಗುತ್ತವೆ. ಆನಂದರ ಕಾದಂಬರಿಯಲ್ಲೂ ಕೊನೆಗೆ ಪಾದ್ರಿ, ಗಾಂಧೀಜಿ, ಫ್ಲಶ್ ಪಾಯಿಖಾನೆ ಎಂದು ಮೂರು ದಾರಿ ತೋರಿಸುವ ಭಾಗ ನನಗೆ ಭಾಷಣದಂತೆ ಅನಿಸುತ್ತದೆ. ಕೆನ್ನೆಗೆ ಏಟು ಬಿದ್ದು ಜಿಲೇಬಿ ಮಣ್ಣಿಗೆ ಬೀಳುವ ಪುಟ ಮಾತ್ರ ಮರೆಯಲು ಆಗುವುದಿಲ್ಲ. ಈ ಪತ್ರಿಕೆಗೆ ಬೇಕಾದದ್ದು ಅಂಥ ಪುಟ. ಅದು ಯಾರ ಮನೆಯಿಂದ ಬಂದರೂ ಸರಿ.

ಇನ್ನು ನಿಮ್ಮ ಕಥೆ. ನಿವೃತ್ತ ಅಧಿಕಾರಿ ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಮನೆ ನೋಡಲು ಹೋಗುತ್ತಾನೆ. ಕೆಸರಿನಲ್ಲಿ ಹೊಸ್ತಿಲ ಕಲ್ಲನ್ನು ಕಾಲಿನಿಂದಲೇ ಗುರುತು ಹಿಡಿಯುತ್ತಾನೆ. ಆ ಪ್ಯಾರಾವನ್ನು ಎರಡು ಸಲ ಓದಿದೆ, ಬಹಳ ಚೆನ್ನಾಗಿದೆ. ಆದರೆ ಅವನನ್ನು ತೆಪ್ಪದಲ್ಲಿ ಕರಕೊಂಡು ಹೋಗುವವನು ‘ಹಳೇ ಮನೆಯ ಆಳಿನ ಮಗ’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅವನಿಗೆ ಹೆಸರೂ ಇಲ್ಲ. ಅವನ ಮನೆ ಎಲ್ಲಿತ್ತು? ಅದೂ ಮುಳುಗಿತಲ್ವಾ? ಈಗ ಎಲ್ಲಿದ್ದಾನೆ, ಪುನರ್ವಸತಿ ಕೇಂದ್ರದ ಯಾವ ಮೂಲೆಯಲ್ಲಿ? ಕಥೆಯಲ್ಲಿ ಇಬ್ಬರೂ ಒಂದು ತಾಸು ಒಂದೇ ತೆಪ್ಪದಲ್ಲಿ ಕೂತಿರುತ್ತಾರೆ. ಒಂದು ಮಾತೂ ಆಡುವುದಿಲ್ಲ ಎಂದರೆ ನನಗೆ ನಂಬಲು ಆಗುತ್ತಿಲ್ಲ.

ಹಾಗಾಗಿ ಹಸ್ತಪ್ರತಿಯನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ, ತಿದ್ದಲಿಕ್ಕೆ. ಎರಡು ಪುಟ ಬೆಳೆದರೂ ಚಿಂತೆಯಿಲ್ಲ, ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಟೈಪ್ ಮಾಡಿಸುವ ಖರ್ಚು ನಿಮಗೆ ಬೇಡ. ನಿಮ್ಮ ಅಕ್ಷರ ನಮ್ಮ ಡಿಟಿಪಿ ಹುಡುಗನಿಗೆ ಚೆನ್ನಾಗಿ ಓದಲು ಬರುತ್ತದೆ.

– ಸಂಪಾದಕ