ಅಲ್ಯೂಮಿನಿಯಂ ಪೈಪೂ ಬೇಡ, ಪಿವಿಸಿಯೂ ಬೇಡ

ಪುಣೆಯಲ್ಲಿ ಓದುತ್ತಿದ್ದೀರಿ, ರೂಮಿನಲ್ಲೇ ಸಕ್ಕರೆ ಬೆರೆಸಿದ ಇಂಧನ ಮಾಡಿ ರಾಕೆಟ್ ಹಾರಿಸಬೇಕು, ಅದರ ಮೈಗೆ ಅಲ್ಯೂಮಿನಿಯಂ ಪೈಪ್ ಗಟ್ಟಿನಾ ಪಿವಿಸಿ ಗಟ್ಟಿನಾ ಅಂತ ಕೇಳಿದ್ದೀರಿ. ಎರಡೂ ಬೇಡ. ರಟ್ಟಿನ ಕೊಳವೆ ತಗೊಳ್ಳಿ.

ಧಾರವಾಡದಿಂದ ಪುಣೆಗೆ ಇಂಜಿನಿಯರಿಂಗ್ ಓದಲು ಬಂದಾಗ ನನಗೂ ಇದೇ ಹುಚ್ಚು. ನಮ್ಮ ಗುಂಪಿನ ಬೆಳಗಾವಿ ಹುಡುಗ "ಗಟ್ಟಿ ಇರಬೇಕಲೇ, ಅಲ್ಯೂಮಿನಿಯಂ ಹಾಕೋಣ" ಅಂತ ಹಟ ಹಿಡಿದಿದ್ದ. ಕಾರ್ಯಾಗಾರ ನಡೆಸಲು ಬಂದವರು ಸುತಾರಾಂ ಒಪ್ಪಲಿಲ್ಲ. ರಟ್ಟಿನ ಮೈ, ಬಾಲ್ಸಾ ಅನ್ನೋ ಹಗುರ ಮರದ ರೆಕ್ಕೆ, ಅವರೇ ತಂದ ರೆಡಿ ಮೋಟರ್, ಅಂದರೆ ಕಾರ್ಖಾನೆಯಲ್ಲೇ ಇಂಧನ ತುಂಬಿ ಬಂದದ್ದು. ಅದರ ಮೇಲೆ ಸಿ6-5 ಅಂತಿತ್ತು. ಸಿ ಅಂದರೆ ಮೋಟರಿನ ಒಟ್ಟು ನೂಕಿನ ವರ್ಗ. 6 ಅಂದರೆ ಸರಾಸರಿ ನೂಕುಬಲ 6 ನ್ಯೂಟನ್. 5 ಅಂದರೆ ಉರಿದು ಮುಗಿದ 5 ಸೆಕೆಂಡಿಗೆ ಪ್ಯಾರಾಶೂಟ್ ಹೊರಗೆ.

ನಮ್ಮನ್ನು ಕೆಡಿಸಿದ್ದು ರೆಕ್ಕೆ. ಇದನ್ನು ಬಿಡಿಸಿ ಹೇಳಲೇಬೇಕು. ಬಾಲ್ಸಾ ಹಾಳೆಯಲ್ಲಿ ಮರದ ಎಳೆ ಒಂದೇ ದಿಕ್ಕಿಗೆ ಓಡುತ್ತದೆ. ಎಳೆಗೆ ಅಡ್ಡವಾಗಿ ಮುರಿಯಲು ಹೋದರೆ ತಡೆಯುತ್ತದೆ, ಎಳೆಯ ಗುಂಟ ಬಗ್ಗಿಸಿದರೆ ಬಿಸ್ಕತ್ತಿನ ಹಾಗೆ ಲಟಕ್ ಅನ್ನುತ್ತದೆ. ಅದಕ್ಕೇ ಎಳೆ ಕೊಳವೆಯಿಂದ ಹೊರಗೆ ಹೋಗುವಂತಿರಬೇಕು, ರೆಕ್ಕೆಯ ಮುಂದಂಚಿನ ಗುಂಟ. ನಾನು ಹಾಳೆ ಉಳಿಸಲು ನಮೂನೆಯನ್ನು ತಿರುಗಿಸಿಟ್ಟು ಕತ್ತರಿಸಿದೆ, ಎಳೆ ಕೊಳವೆಯ ಉದ್ದಕ್ಕೇ ಬಂತು. ಬಣ್ಣ ಬಳಿದ ಮೇಲೆ ಯಾರಿಗೂ ಕಾಣಲಿಲ್ಲ. ಫೆವಿಕಾಲ್ ಒಣಗಿದ ಮೇಲೆ ಜಗ್ಗಿ ನೋಡಿದ್ದೆ, ಅಲ್ಲಾಡಿರಲಿಲ್ಲ. ಆದರೆ ಗಾಳಿ ರೆಕ್ಕೆಯನ್ನು ಜಗ್ಗುವುದಿಲ್ಲ, ಪಕ್ಕಕ್ಕೆ ಬಗ್ಗಿಸುತ್ತದೆ. ರಾಕೆಟ್ ತನ್ನನ್ನು ನೆಟ್ಟಗೆ ಹಿಡಿದಿದ್ದ ಸರಳು ಬಿಟ್ಟು ಮೇಲೇರಿದ ಕೂಡಲೇ ಒಂದು ರೆಕ್ಕೆ ಹೋಯಿತು. ಆಮೇಲೆ ನೋಡಿದರೆ ಅಂಟು ಹಿಡಿದೇ ಇದೆ, ಕೊಳವೆಗೆ ಬೆಂಕಿಕಡ್ಡಿಯಷ್ಟು ಅಗಲದ ಬಾಲ್ಸಾ ಪಟ್ಟಿ ಕಚ್ಚಿಕೊಂಡಿದೆ, ಅದರಾಚೆಗೆ ನೇರವಾಗಿ ಸೀಳಿದೆ.

ರಾಕೆಟ್ ಅಡ್ಡ ತಿರುಗಿ ಜನರ ಕಡೆಗೇ ಬಂತು. 15 ಅಡಿ ದೂರ ನಿಲ್ಲುವ ನಿಯಮ ಪಾಲಿಸಿದ್ದೆವು, ಅಡ್ಡ ಬರುವ ರಾಕೆಟ್ಟಿಗೆ ಅದು ಯಾವ ಲೆಕ್ಕ? ಪ್ಯಾರಾಶೂಟಿಗೆ ಇನ್ನೂ ಸಮಯವಿತ್ತು. ಬೆಳಗಾವಿಯವನ ಭುಜಕ್ಕೇ ಬಡಿದು ರಟ್ಟು ಮುದುಡಿತು. ಭುಜ ಕಪ್ಪುಗಟ್ಟಿತು, ಅಷ್ಟೇ. ಅವನು ಕೇಳಿದ ಅಲ್ಯೂಮಿನಿಯಂ ಆಗಿದ್ದರೆ ಏನಾಗುತ್ತಿತ್ತು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ. ಕಾಲೇಜು ನಮ್ಮ ಗುಂಪನ್ನೇ ಮುಚ್ಚಿಸಿತು, ಮತ್ತೆ ತೆರೆಯಲಿಲ್ಲ.

ಆದ್ದರಿಂದ ಯಾವುದು ಗಟ್ಟಿ ಅಂತ ಕೇಳಬೇಡಿ. ಕೆಟ್ಟಾಗ ಯಾವುದು ಕಡಿಮೆ ಗಾಯ ಮಾಡುತ್ತದೆ ಅಂತ ಕೇಳಿ. ಮೋಟರ್ ಸಿಡಿದರೆ ರಟ್ಟು ಹರಿಯುತ್ತದೆ, ಪಿವಿಸಿ ಚೂಪು ಚೂರುಗಳಾಗುತ್ತದೆ, ಲೋಹದ ಪೈಪ್ ಬಾಂಬೇ. ಅಮೆರಿಕದ ಹವ್ಯಾಸಿಗಳ ಸುರಕ್ಷತಾ ನಿಯಮದಲ್ಲಿ ಮೂಗು, ಮೈ, ರೆಕ್ಕೆ ಮೂರಕ್ಕೂ ಲೋಹ ನಿಷಿದ್ಧ. ಅಲ್ಲಿ 1950ರ ದಶಕದಲ್ಲಿ ಹುಡುಗರು ಮನೆಯಲ್ಲೇ ರಾಕೆಟ್ ಮಾಡಲು ಹೋಗಿ ಕೈಬೆರಳು ಕಳೆದುಕೊಳ್ಳುತ್ತಿದ್ದರು. ನೆಬ್ರಾಸ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಓರ್ವಿಲ್ ಕಾರ್ಲೈಲ್ ಕಾಗದದ ಮೈಯ ರಾಕೆಟ್ ಮಾಡಿದರು, ರಾಕೆಟ್ ಇಂಜಿನಿಯರ್ ಹ್ಯಾರಿ ಸ್ಟೈನ್ 1957ರಲ್ಲಿ ಅದನ್ನು ಹಿಡಿದು ಈ ಹವ್ಯಾಸವನ್ನೇ ಕಟ್ಟಿದರು.

ಸಕ್ಕರೆ ಇಂಧನದ ಮಾತು ಬಿಟ್ಟುಬಿಡಿ. ಹಾಸ್ಟೆಲ್ ರೂಮಿನಲ್ಲಂತೂ ಬೇಡವೇ ಬೇಡ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸಿದರೆ 1884ರ ಸ್ಫೋಟಕ ಕಾಯ್ದೆ ಇದೆ, ಅದಕ್ಕಿಂತ ಮೊದಲು ನಿಮ್ಮ ಕೈ, ಕಣ್ಣು ಇವೆ.

ರೆಡಿ ಮೋಟರ್ ಸಿಗದಿದ್ದರೆ ನೀರಿನ ರಾಕೆಟ್ ಮಾಡಿ. ಅದನ್ನು ಮಕ್ಕಳಾಟ ಅನ್ನಬೇಡಿ, ಸಮತೋಲನದ ಪಾಠ ಎಲ್ಲಾ ಅದರಲ್ಲೇ ಇದೆ. ಸೋಡಾ, ಕೋಲಾ ಬಾಟಲಿಯೇ ಆಗಬೇಕು, ತೆಳು ನೀರಿನ ಬಾಟಲಿ ಒತ್ತಡ ತಡೆಯುವುದಿಲ್ಲ. ಗೀರು ಬಿದ್ದದ್ದು ಬೇಡ. ಬಿಸಿ ಗ್ಲೂ ಗನ್ ಹಚ್ಚಬೇಡಿ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಮೀಟರ್ ಇರುವ ಸೈಕಲ್ ಪಂಪಿನಲ್ಲಿ 60 ಪಿಎಸ್ಐ ಒತ್ತಡ ಸಾಕು, ದೂರದಿಂದ ಹಗ್ಗ ಎಳೆದು ಬಿಡಿ. ವಿನ್ಯಾಸಕ್ಕೆ ಓಪನ್‌ರಾಕೆಟ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಭಾರದ ಕೇಂದ್ರ ಗಾಳಿಯೊತ್ತಡದ ಕೇಂದ್ರಕ್ಕಿಂತ, ಅಂದರೆ ಗಾಳಿಯ ಬಲವೆಲ್ಲ ಒಟ್ಟಾಗಿ ತಾಗುವ ಜಾಗಕ್ಕಿಂತ, ಕೊಳವೆಯ ಒಂದು ವ್ಯಾಸದಷ್ಟಾದರೂ ಮುಂದಿರಲಿ. ಇಲ್ಲದಿದ್ದರೆ ಮೂಗಿನೊಳಗೆ ಜೇಡಿಮಣ್ಣು ತುಂಬಿ.

ಮುಂದೆ ಎಂದಾದರೂ ರೆಡಿ ಮೋಟರ್ ಕೈಗೆ ಬಂದರೆ ಲೋಹಗಾಂವ್ ಕಡೆ ಹೋಗಲೇಬೇಡಿ, ವಾಯುಪಡೆಯ ನೆಲೆ ಅದು. ಬೇಸಿಗೆಯಲ್ಲಿ ಇಲ್ಲಿನ ಟೇಕಡಿಗಳ, ಅಂದರೆ ಗುಡ್ಡಗಳ, ಹುಲ್ಲು ಒಣಗಿರುತ್ತದೆ, ಒಂದು ಕಿಡಿ ಸಾಕು. ಪೊಲೀಸರ ಅನುಮತಿ ಕೇಳದೆ ಹಾರಿಸಬೇಡಿ. ಮತ್ತೆ ಬಾಲ್ಸಾ ಕತ್ತರಿಸುವ ಮೊದಲು ಹಾಳೆಯ ಫೋಟೋ ಇಲ್ಲೇ ಹಾಕಿ, ಎಳೆ ಯಾವ ಕಡೆಗಿದೆ ಅಂತ ನೋಡಿ ಹೇಳುತ್ತೇನೆ.