ಮೇಲುಸ್ತುವಾರಿ ಸಮಿತಿಯನ್ನು ಕೇಳುವ ಮೊದಲು ಠರಾವನ್ನು ಸರಿಯಾಗಿ ಬರೆಸಿ

ನಿಮ್ಮ ಊರಿನ ಬಜಾರ್ ಬೀದಿಯನ್ನು ಹೊಸದಾಗಿ ರೂಪಿಸುವ ಯೋಜನೆಗೆ ಪ್ರತ್ಯೇಕ ಮೇಲುಸ್ತುವಾರಿ ಸಮಿತಿ ಬೇಕೆಂದು ಒತ್ತಾಯಿಸಬೇಕೇ, ಸ್ಥಾಯಿ ಸಮಿತಿಯಲ್ಲೇ ಪ್ರಶ್ನಿಸುತ್ತಾ ಹೋಗಬೇಕೇ ಎಂದು ನಗರಸಭೆಯ ಹೊಸ ಸದಸ್ಯರಾದ ನೀವು ಕೇಳಿದ್ದೀರಿ. ಹಲವು ವರ್ಷಗಳ ಹಿಂದೆ ನನಗೂ ಇದೇ ಗೊಂದಲವಿತ್ತು, ಅದರಲ್ಲೇ ಕಾಲ ಕಳೆದು ಮುಖ್ಯವಾದುದನ್ನು ಕೈಬಿಟ್ಟೆ.

ನಾನು ಮಹಾನಗರ ಪಾಲಿಕೆಯೊಂದರ ಸದಸ್ಯೆಯಾಗಿದ್ದೆ, ಒಂದು ಅವಧಿಗೆ ನಗರ ಯೋಜನೆಯ ಸ್ಥಾಯಿ ಸಮಿತಿಯ ಅಧ್ಯಕ್ಷೆಯೂ ಆಗಿದ್ದೆ. 2015ರ ಜೂನ್‌ನಲ್ಲಿ ಆರಂಭವಾದ ಸ್ಮಾರ್ಟ್ ಸಿಟಿ ಮಿಷನ್‌ಗೆ ರಾಜ್ಯದಿಂದ ಆಯ್ಕೆಯಾದ 7 ನಗರಗಳಲ್ಲಿ ನಮ್ಮದೂ ಒಂದು. ಪ್ರತಿ ನಗರಕ್ಕೆ ಕೇಂದ್ರದಿಂದ ಐದು ವರ್ಷಗಳಲ್ಲಿ 500 ಕೋಟಿ ರೂಪಾಯಿ, ಅಷ್ಟೇ ಮೊತ್ತ ರಾಜ್ಯ ಮತ್ತು ಪಾಲಿಕೆಯಿಂದ ಎಂಬುದು ಅದರ ಲೆಕ್ಕ. ಕಾಮಗಾರಿ ನಡೆಸಲು ಪ್ರತ್ಯೇಕ ಕಂಪನಿ ಸ್ಥಾಪಿಸಿ, ಅದರಲ್ಲಿ ರಾಜ್ಯ ಸರ್ಕಾರ ಮತ್ತು ಪಾಲಿಕೆಗೆ ಸಮಪಾಲು ಇರಬೇಕೆಂದು ಮಾರ್ಗಸೂಚಿ ಹೇಳಿತ್ತು. ಯೋಜನೆಗೆ ಸಂಬಂಧಿಸಿದ ಪಾಲಿಕೆಯ ಅಧಿಕಾರಗಳನ್ನು ಆ ಕಂಪನಿಗೆ ವಹಿಸಿಕೊಡಲು ಸಹ ಅದೇ ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ಅರ್ಧ ಪಾಲು ನಮ್ಮದು, ಆದ್ದರಿಂದ ಹಿಡಿತವೂ ನಮ್ಮದೇ ಎಂದು ನಾವೆಲ್ಲ ನಂಬಿದ್ದೆವು.

ನನ್ನ ವಾರ್ಡಿಗೆ ಹೊಂದಿಕೊಂಡ ಹಳೆಯ ಮಾರುಕಟ್ಟೆ ರಸ್ತೆಯನ್ನು ಜನ ನಡೆದಾಡುವ, ಕುಳಿತು ಹರಟುವ ಬೀದಿಯನ್ನಾಗಿ ಮಾಡುವ ಪ್ರಸ್ತಾವ ಸಾಮಾನ್ಯ ಸಭೆಗೆ ಬಂದದ್ದು ಹೆಚ್ಚುವರಿ ವಿಷಯವಾಗಿ, ಸಂಜೆ ಎಲ್ಲರೂ ಎದ್ದು ಹೊರಡುವ ಹೊತ್ತಿನಲ್ಲಿ. ಟಿಪ್ಪಣಿ ಒಂದೂವರೆ ಪುಟದ್ದು. ನಕ್ಷೆ, ಅಂದಾಜು ಪಟ್ಟಿ ಯಾವುದೂ ಅದರ ಜೊತೆಗಿರಲಿಲ್ಲ. 'ವಿವರವಾದ ಯೋಜನಾ ವರದಿಯಂತೆ' ಎಂದಷ್ಟೇ ಬರೆದಿತ್ತು, ಆ ವರದಿಯನ್ನು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ಒಪ್ಪಿಗೆ ಸಿಗದಿದ್ದರೆ ಅನುದಾನ ವಾಪಸ್ ಹೋಗುತ್ತದೆ ಎಂದು ಅಧಿಕಾರಿಗಳು ಹೇಳಿದರು. ವಿಷಯವನ್ನು ಎರಡು ವಾರ ನನ್ನ ಸಮಿತಿಗೆ ಕಳುಹಿಸಿ ಎಂದು ಕೇಳುವ ಹಕ್ಕು ಆ ಸಭೆಯಲ್ಲಿ ಯಾರಿಗಿಂತಲೂ ಹೆಚ್ಚಾಗಿ ನನಗಿತ್ತು. ನಾನು ಕೇಳಲಿಲ್ಲ. ಮೇಲುಸ್ತುವಾರಿ ಸಮಿತಿ ರಚಿಸುತ್ತೇವೆ, ಅದಕ್ಕೆ ನೀವೇ ಅಧ್ಯಕ್ಷರು ಎಂದು ಮೊದಲೇ ಹೇಳಿದ್ದರು. ಏನೇ ಇದ್ದರೂ ಅಲ್ಲಿ ಸರಿಪಡಿಸಬಹುದು ಎಂದುಕೊಂಡೆ. 'ಚರ್ಚಿಸಿ, ಪ್ರಸ್ತಾವವನ್ನು ಅನುಮೋದಿಸಿ, ಮುಂದಿನ ಕ್ರಮಕ್ಕಾಗಿ ರಸ್ತೆಯನ್ನು ಕಂಪನಿಗೆ ಹಸ್ತಾಂತರಿಸಲು ತೀರ್ಮಾನಿಸಲಾಯಿತು' ಎಂಬ ಒಂದು ವಾಕ್ಯ ನಡಾವಳಿಯಲ್ಲಿ ದಾಖಲಾಯಿತು.

ಆ ವಾಕ್ಯದ ಬಗ್ಗೆ ನಾನು ಇಷ್ಟು ಬರೆಯುವುದಕ್ಕೆ ಕಾರಣವಿದೆ. ನಕ್ಷೆ ಬದಲಾದರೆ ಸಭೆಯ ಮುಂದೆ ತರಬೇಕೆಂದು ಅದರಲ್ಲಿ ಇರಲಿಲ್ಲ. ವ್ಯಾಪಾರಿಗಳ ಪಟ್ಟಿ ಅದಕ್ಕೆ ಲಗತ್ತಾಗಿರಲಿಲ್ಲ. ಎಷ್ಟು ತಿಂಗಳಿಗೆ ರಸ್ತೆ ಮರಳಿ ಪಾಲಿಕೆಗೆ ಬರಬೇಕು, ಬಂದ ಮೇಲೆ ನಿರ್ವಹಣೆಯ ಹಣ ಎಲ್ಲಿಂದ, ದೋಷ ಕಂಡರೆ ಗುತ್ತಿಗೆದಾರರು ಎಷ್ಟು ವರ್ಷ ಹೊಣೆ ಎಂಬ ಒಂದು ಮಾತೂ ಇರಲಿಲ್ಲ. ಮುಂದಿನ ಎರಡು ವರ್ಷ ನಾನು ಎತ್ತಿದ ಪ್ರತಿಯೊಂದು ಪ್ರಶ್ನೆಗೂ ಠರಾವಿನ ಸಂಖ್ಯೆಯೇ ಉತ್ತರವಾಯಿತು: ನೀವೇ ಒಪ್ಪಿದ್ದೀರಿ.

ನನ್ನ ಮೇಲುಸ್ತುವಾರಿ ಸಮಿತಿ ಎಂಟು ಬಾರಿ ಸ್ಥಳ ಪರಿಶೀಲನೆ ನಡೆಸಿತು. ಕಾಮಗಾರಿ ನಿಲ್ಲಿಸುವ, ಬಿಲ್ಲು ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಬೀದಿಯ ತುದಿಯ ಅರಳಿಕಟ್ಟೆಯನ್ನು ಒಡೆಯುವುದು ಮೂಲ ನಕ್ಷೆಯಲ್ಲಿ ಇರಲಿಲ್ಲವಂತೆ. ನಾವು ಹೋಗುವಷ್ಟರಲ್ಲಿ ಕಟ್ಟೆ ಹೋಗಿ, ನೆರಳಿಲ್ಲದ ಕಡೆ ಗ್ರಾನೈಟ್ ಬೆಂಚುಗಳು ಬಂದಿದ್ದವು. ಸಂಜೆ ಆ ಕಟ್ಟೆಯ ಮೇಲೆ ಕೂರುತ್ತಿದ್ದ ಹಿರಿಯರು ಆ ಬೆಂಚುಗಳ ಮೇಲೆ ಕೂತದ್ದನ್ನು ನಾನು ನೋಡಿಲ್ಲ. ರಸ್ತೆಯ ಮಟ್ಟ ಏರಿದ್ದರಿಂದ ಮೊದಲ ಮಳೆಗೇ ಅಂಗಡಿಗಳಿಗೆ ನೀರು ನುಗ್ಗಿತು. ಕಲ್ಲುಹಾಸಿನ ಕೆಳಗಿನ ಹಳೆಯ ನೀರಿನ ಕೊಳವೆ ಬದಲಾಗಿರಲಿಲ್ಲ. ಅದು ಸೋರಿದಾಗಲೆಲ್ಲ ಕಲ್ಲು ಕಿತ್ತು, ಆ ಜಾಗಕ್ಕೆ ಜಲ್ಲಿ ಮತ್ತು ಡಾಂಬರು ತುಂಬಿದರು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಹೂವು ಮತ್ತು ಸೊಪ್ಪು ಮಾರುತ್ತಿದ್ದ ಹೆಂಗಸರ ವಿಷಯ. 'ತಾತ್ಕಾಲಿಕವಾಗಿ' ಎಂದು ಅವರನ್ನು ಹಿಂದಿನ ಗಲ್ಲಿಗೆ ಕಳುಹಿಸಿದರು, ಮರಳಿ ಕರೆಯಲಿಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಎಲ್ಲರಿಗೂ ವ್ಯಾಪಾರದ ಪ್ರಮಾಣಪತ್ರ ಸಿಗುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಸ್ಥಳಾಂತರಿಸುವಂತೆಯೂ ಇಲ್ಲ. ಅದೇ ಕಾಯ್ದೆಯಡಿ ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳೇ ಆಗಿರಬೇಕು. ವ್ಯಾಪಾರಿಗಳ ಪಟ್ಟಿಯನ್ನು ಠರಾವಿಗೆ ಲಗತ್ತಿಸಿದ್ದರೆ ಅವರ ಕೈಯಲ್ಲಿ ಒಂದು ದಾಖಲೆಯಾದರೂ ಇರುತ್ತಿತ್ತು. 'ಅಕ್ಕಾ, ನೀವು ಸಭೆಯಲ್ಲಿ ಇದ್ದಿರಲ್ಲ' ಎಂದು ಅವರಲ್ಲೊಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಸಮಿತಿ ಎಂಬುದು ಆಮೇಲಿನ ಮಾತು. ಟೆಂಡರ್ ಕರೆಯುವ ಮೊದಲು ಸಾಮಾನ್ಯ ಸಭೆ ಏನನ್ನು ಒಪ್ಪಿತು, ಯಾವ ಷರತ್ತಿನ ಮೇಲೆ ಒಪ್ಪಿತು ಎಂಬುದರ ಮೇಲೆ ಬಹುಪಾಲು ನಿರ್ಧಾರವಾಗುತ್ತದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಮೊದಲನೆಯದೇ ನಗರ ಯೋಜನೆ; ನಿಮ್ಮ ಸಭೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಡಿ ನಡೆಯುತ್ತದೆ, ಯಾರದೋ ಸೌಜನ್ಯದಿಂದಲ್ಲ. ಯೋಜನಾ ವರದಿ, ಅಂದಾಜು ಪಟ್ಟಿ, ನೆಲದಡಿಯ ಕೊಳವೆಗಳ ನಕ್ಷೆ ಮತ್ತು ವ್ಯಾಪಾರಿಗಳ ಪಟ್ಟಿ ಲಗತ್ತಾಗಿರದ ಟಿಪ್ಪಣಿಯನ್ನು ಮುಂದೂಡಲು ಕೇಳಿ. ನಕ್ಷೆಯ ಬದಲಾವಣೆ ಸಭೆಗೆ ಮರಳಬೇಕು, ಅಂತಿಮ ಬಿಲ್ಲಿಗೆ ಮೊದಲು ಜಂಟಿ ಅಳತೆಯ ವರದಿ ಸಭೆಯ ಮುಂದೆ ಬರಬೇಕು, ನಿರ್ವಹಣೆಯ ಹಣಕ್ಕೆ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆ ಇರಬೇಕು ಎಂದು ಠರಾವಿನಲ್ಲೇ ಬರೆಸಿ. ಅನುದಾನ ಹೋಗುತ್ತದೆ ಎಂದು ಹೆದರಿಸಿದರೆ, ಅದನ್ನು ಹೇಳುವ ಆದೇಶದ ಪ್ರತಿಯನ್ನು ಕೇಳಿ. ಬಹುಮತ ನಿಮ್ಮ ಮಾತಿಗೆ ಸಿಗದಿದ್ದರೆ ಭಿನ್ನಮತವನ್ನು ಲಿಖಿತವಾಗಿ ಕೊಟ್ಟು ನಡಾವಳಿಗೆ ಸೇರಿಸಲು ಪಟ್ಟು ಹಿಡಿಯಿರಿ. ಅಭಿವೃದ್ಧಿಯ ವಿರೋಧಿ ಎನ್ನುತ್ತಾರೆ, ಅನ್ನಲಿ.

ಮಿಷನ್ 2025ರ ಮಾರ್ಚ್‌ಗೆ ಮುಗಿಯಿತು. ಆ ಬೀದಿಯ ಕಲ್ಲು ಕಿತ್ತಾಗ ಮರಳಿ ಜೋಡಿಸುವ ಖರ್ಚು ಈಗ ಪಾಲಿಕೆಯದೇ.

ನಿಮ್ಮ ಸಭೆಯ ಕಾರ್ಯಸೂಚಿ ಕೈಸೇರಿದ ದಿನ ಆ ವಿಷಯದ ಟಿಪ್ಪಣಿಯನ್ನು ಈ ಉತ್ತರದ ಕೆಳಗೆ ಹಾಕಿ. ಠರಾವಿಗೆ ಸೇರಬೇಕಾದ ಷರತ್ತುಗಳನ್ನು ವಾಕ್ಯ ವಾಕ್ಯವಾಗಿ ಬರೆದುಕೊಡುತ್ತೇನೆ.