ಮಗಳಿಗೆ ಶುಗರ್ ಗ್ಲೈಡರ್ ಕೊಡಿಸಬೇಕು, ಯಾವ ಆಟಿಕೆ ಸೇಫ್?

ನೀವು ಕೇಳಿದ್ದು ಇಷ್ಟು: ಮನೆ ಪುಣೆ ಪಕ್ಕದ ಪಿಂಪ್ರಿಯಲ್ಲಿ. ಹತ್ತು ವರ್ಷದ ಮಗಳು ರೀಲ್ಸ್ ನೋಡಿ ಶುಗರ್ ಗ್ಲೈಡರ್ (ಮರದಿಂದ ಮರಕ್ಕೆ ತೇಲಿ ಹೋಗುವ, ನೋಡಲು ಅಳಿಲಿನಂಥ ಪುಟ್ಟ ಪ್ರಾಣಿ) ಬೇಕು ಅಂತ ಹಟ ಹಿಡಿದಿದ್ದಾಳೆ. ಅಂಗಡಿಯವರು ಒಂದು ಮರಿ, ಪಂಜರ, ಹಗ್ಗದ ಉಯ್ಯಾಲೆ, ಗೆಜ್ಜೆ ಚೆಂಡು, ಪುಟ್ಟ ಚಕ್ರ ಎಲ್ಲ ಸೇರಿಸಿ ಸೆಟ್ ಕೊಡುತ್ತೇನೆ ಅಂದಿದ್ದಾರೆ. ಆ ಆಟಿಕೆಗಳು ಸುರಕ್ಷಿತವೇ?

ಆ ಮೂರರಲ್ಲಿ ಒಂದೂ ಅಲ್ಲ. ಆದರೆ ಆ ಸೆಟ್ಟಿನಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಆಟಿಕೆಯಲ್ಲ, ‘ಒಂದು ಮರಿ’ ಅನ್ನುವುದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಊರು ಬಿಟ್ಟು ಹೊರಟ ಪರಿಚಯದವರೊಬ್ಬರು ಸಾಕಿದ್ದ ಜೋಡಿ ಈಗ ನಮ್ಮ ಮನೆಯಲ್ಲಿದೆ.

ಆಟಿಕೆ ಆರಿಸುವ ಮೊದಲು ಈ ಪ್ರಾಣಿಯ ಕಾಲು ನೋಡಬೇಕು. ಹಿಂಗಾಲಿನ ಹೆಬ್ಬೆರಳು ಬಿಟ್ಟರೆ ಬೆರಳ ತುದಿಯಲ್ಲೆಲ್ಲ ಕೊಕ್ಕೆಯ ಹಾಗೆ ಬಾಗಿದ ಚೂಪು ಉಗುರು. ಹಿಂಗಾಲಿನ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅದರಲ್ಲೇ ಮೈಕೂದಲು ಬಾಚಿಕೊಳ್ಳುತ್ತದೆ. ಮರದ ತೊಗಟೆಗೆ ಹಾರಿ ಕಚ್ಚಿ ನಿಲ್ಲಲು ಆದ ಉಗುರು ಅದು. ನಮ್ಮ ಮನೆಯ ಬಟ್ಟೆಗೆ ಸಿಕ್ಕರೆ ಸುಲಭಕ್ಕೆ ಬಿಡುವುದಿಲ್ಲ. ಸಿಕ್ಕಿಕೊಂಡಾಗ ಪ್ರಾಣಿ ಸುಮ್ನೆ ಇರುತ್ತದಾ? ಸುತ್ತಿ ಸುತ್ತಿ ಎಳೆಯುತ್ತದೆ. ದಾರ ಬೆರಳಿಗೆ ಬಿಗಿಯಾಗಿ ರಕ್ತ ಹೋಗುವುದು ನಿಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಹೀಗಾದರೆ ನಿಮಗೆ ಗೊತ್ತಾಗುವುದು ಬೆಳಿಗ್ಗೆ. ಬೆರಳೇ ಹೋಗಬಹುದು. ನೋವಿಗೆ ತನ್ನ ಕಾಲನ್ನು ತಾನೇ ಕಚ್ಚಿಕೊಳ್ಳುವುದೂ ಉಂಟು.

ಹಾಗಾಗಿ ಹತ್ತಿ ಹಗ್ಗ, ಸೆಣಬು, ತೆಂಗಿನ ನಾರು ಯಾವುದೂ ಬೇಡ. ಹಕ್ಕಿಗೆ ಅಂತ ಮಾರುವ ಆಟಿಕೆಗಳಲ್ಲಿ ತುಂಬ ಇರುವುದು ಇವೇ. ಹಳೆ ಸೀರೆಯ ತೊಟ್ಟಿಲು ಕಟ್ಟುವ ಆಸೆ ನಮ್ಮಂಥ ಮನೆಗಳಲ್ಲಿ ಮೊದಲು ಬರುತ್ತದೆ, ಅದೂ ಬೇಡ. ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ. ಟರ್ಕಿ ಟವೆಲ್ ಇನ್ನೂ ಕೆಟ್ಟದ್ದು, ಅದರ ಮೈಯೆಲ್ಲ ಉಗುರು ಸಿಕ್ಕುವ ಕುಣಿಕೆಗಳೇ. ಫ್ಲೀಸ್ ಬಟ್ಟೆ (ಚಳಿಗಾಲದ ಜಾಕೆಟ್‌ಗೆ ಬಳಸುವ ಮೆತ್ತನೆ ಬಟ್ಟೆ) ತಗೊಳ್ಳಿ. ಕತ್ತರಿಸಿದರೂ ಅದರ ಎಳೆ ಬಿಚ್ಚುವುದಿಲ್ಲ. ಮಲಗುವ ಚೀಲವೂ ಅದರದ್ದೇ ಇರಲಿ, ಹೊಲಿಗೆ ಸಣ್ಣದಾಗಿ, ಒತ್ತಾಗಿ ಇರಲಿ. ಒಗೆದ ಮೇಲೆ ನಾನು ಚೀಲವನ್ನು ಒಳಹೊರಗು ಮಾಡಿ, ಹೊಲಿಗೆಯ ಮೇಲೆ ಉಗುರು ಎಳೆದು ನೋಡುತ್ತೇನೆ. ಎಲ್ಲಾದರೂ ಸಿಕ್ಕಿದರೆ ಅದು ಒರೆಸುವ ಬಟ್ಟೆಯ ಡಬ್ಬಕ್ಕೆ. ಮಳೆಗಾಲದಲ್ಲಿ ಎರಡು ಮೂರು ಚೀಲ ಜಾಸ್ತಿ ಇಟ್ಟುಕೊಳ್ಳಿ. ಪುಣೆಯ ಜುಲೈನಲ್ಲಿ ಏನೂ ಒಣಗುವುದಿಲ್ಲ, ಹಸಿ ಚೀಲದಲ್ಲಿ ಮಲಗಿಸುವ ಹಾಗಿಲ್ಲ.

ಗೆಜ್ಜೆಯ ಸೀಳಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ. ಸ್ಪಂಜು, ಫೋಮ್, ಮೆತ್ತನೆ ರಬ್ಬರ್ ಕಚ್ಚಿ ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಸತುವಿನ ಲೇಪದ ಸರಪಳಿ ವಿಷ. ಇಷ್ಟು ಸಾಕು.

ಚಕ್ರದ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಅಂಗಡಿಯ ಪುಟ್ಟ ಚಕ್ರ ಹ್ಯಾಮ್‌ಸ್ಟರ್‌ಗೆ ಮಾಡಿದ್ದು. ಮಧ್ಯದಲ್ಲಿ ಅಡ್ಡ ಕಂಬಿ, ಓಡುವ ಜಾಗದಲ್ಲಿ ತಂತಿಯ ಮೆಟ್ಟಿಲು. ಗ್ಲೈಡರ್‌ಗೆ ಮೈಯಷ್ಟೇ ಉದ್ದದ ಬಾಲ ಇದೆ. ಓಡುವಾಗ ಅದು ಕಂಬಿಗೆ ಸುತ್ತಿಕೊಂಡರೆ ಮುರಿಯುತ್ತದೆ. ತಂತಿಯ ನಡುವೆ ಕಾಲು ಹೋದರೂ ಅದೇ ಕಥೆ. ಓಡುವ ಪಟ್ಟಿ ಸಂದಿಲ್ಲದೆ ಸಪಾಟಾಗಿರಬೇಕು, ನಡುವೆ ಕಂಬಿ ಇರಬಾರದು, ವ್ಯಾಸ 11-12 ಇಂಚು ಬೇಕು. ಚಿಕ್ಕದಾದರೆ ಬೆನ್ನು ಬಾಗಿಸಿಕೊಂಡೇ ಓಡಬೇಕಾಗುತ್ತದೆ. ಗ್ಲೈಡರ್‌ಗೇ ಮಾಡಿದ ಚಕ್ರ ದುಬಾರಿ. ಅಷ್ಟು ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಚಕ್ರವೇ ಇಲ್ಲದಿರಲಿ, ಅಗ್ಗದ್ದು ಮಾತ್ರ ಬೇಡ.

ಇನ್ನು ಇಡಬಹುದಾದದ್ದು. ಮಕ್ಕಳ ಪ್ಲಾಸ್ಟಿಕ್ ಕೊಂಡಿಗಳ ಸರ, ಹಲ್ಲು ಬರುವ ಮಗುವಿಗೆ ಕೊಡುವ ಗಟ್ಟಿ ಬಳೆ, ಔಷಧಿ ಹೊಡೆಯದ ನೀಲಗಿರಿ ಅಥವಾ ಬಾಟಲ್‌ಬ್ರಶ್ ಮರದ ಕೊಂಬೆ. ನಮ್ಮವಕ್ಕೆ ಅತಿ ಇಷ್ಟ ಕಾಗದದ ಉಂಡೆ. ಕೆಲವದರ ಒಳಗೆ ಒಂದೊಂದು ಮೀಲ್‌ವರ್ಮ್ ಹುಳ ಇಟ್ಟು ಮುದುರಿ ಡಬ್ಬಕ್ಕೆ ಹಾಕುತ್ತೇನೆ. ಅವು ಒಂದೊಂದನ್ನೇ ಬಿಚ್ಚಿ, ಸಿಕ್ಕಿದ ಹುಳವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯಿಂದ ತಿನ್ನುತ್ತವೆ, ಹುಳ ಇಲ್ಲದ ಕಾಗದ ನನ್ನ ಕಡೆ ಬೀಳುತ್ತದೆ. ಹುಡುಕಿ ತಿನ್ನುವುದೇ ಇವುಗಳ ಆಟ. ಕೊಂಡು ತಂದ ಆಟಿಕೆಗಳಲ್ಲಿ ಅರ್ಧದಷ್ಟನ್ನು ತಿರುಗಿಯೂ ನೋಡಿಲ್ಲ.

ಈಗ ಆ ಒಂದು ಮರಿ. ಕಾಡಿನಲ್ಲಿ ಇವು ಗುಂಪಾಗಿ ಒಂದೇ ಪೊಟರೆಯಲ್ಲಿ ಮಲಗುತ್ತವೆ. ಒಂಟಿಯಾಗಿ ಇಟ್ಟರೆ ಕೊರಗುತ್ತವೆ, ಕೂದಲು ಕಿತ್ತುಕೊಳ್ಳುತ್ತವೆ, ಮೈ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತವೆ. ಒಂಟಿಯಾದರೆ ಯಜಮಾನನಿಗೆ ಬೇಗ ಹೊಂದಿಕೊಳ್ಳುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ, ನಂಬಬೇಡಿ. ಸಾಕುವುದಾದರೆ ಎರಡು, ಗಂಡಿದ್ದರೆ ಸಂತಾನಹರಣ ಮಾಡಿಸಿ. ಬೆಳೆದ ಮೇಲೂ 100-150 ಗ್ರಾಂ ತೂಗುವ ಜೀವ ಅದು. ಅದಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸ ಇರುವ ಡಾಕ್ಟರ್ ಬೇಕು. ನಾಯಿ ಬೆಕ್ಕು ಮಾತ್ರ ನೋಡುವವರು ಸಾಲದು. ಡಾಕ್ಟರ್ ಸಿಗುವ ತನಕ ಅಂಗಡಿಗೆ ಅಡ್ವಾನ್ಸ್ ಕೊಡಬೇಡಿ. ಅಂಗಡಿ 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದೆಯಾ ಅಂತಲೂ ಕೇಳಿ. ಬಿಲ್ ಇಲ್ಲ, ನಗದು ಕೊಡಿ ಅಂದರೆ ಎದ್ದು ಬನ್ನಿ.

ಪಂಜರ ಅಗಲಕ್ಕಿಂತ ಎತ್ತರಕ್ಕೆ ಇರಬೇಕು. ಕನಿಷ್ಠ ಎರಡಡಿ ಅಗಲ, ಎರಡಡಿ ಆಳ, ಮೂರಡಿ ಎತ್ತರ. ಸರಳುಗಳ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ಸಂದು ಬೇಡ. ಬರೀ ಸೇಬು, ಬಾಳೆಹಣ್ಣು ಕೊಟ್ಟರೆ ಕ್ಯಾಲ್ಸಿಯಂ ಸಾಲದೆ ಮೂಳೆ ಮೆತ್ತಗಾಗಿ ಹಿಂಗಾಲಿನ ಸ್ವಾಧೀನ ತಪ್ಪುತ್ತದೆ. ಪ್ರೋಟೀನ್, ಕ್ಯಾಲ್ಸಿಯಂ ಪುಡಿ ಎಷ್ಟು ಅಂತ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಪಂಜರದಿಂದ ಬಿಡುವಾಗ ಫ್ಯಾನ್ ಆಫ್, ಕಮೋಡ್ ಮುಚ್ಚಳ ಹಾಕಿ, ಬಕೆಟ್ ಖಾಲಿ ಮಾಡಿ. ಹಾರುವ ಪ್ರಾಣಿಗೆ ನಮ್ಮ ಮನೆಗಳಲ್ಲಿ ಸೀಲಿಂಗ್ ಫ್ಯಾನಿಗಿಂತ ದೊಡ್ಡ ಶತ್ರು ಇಲ್ಲ.

ಇವಕ್ಕೆ 24ರಿಂದ 27 ಡಿಗ್ರಿ ಹಿತ. ಪುಣೆಯ ಡಿಸೆಂಬರ್ ರಾತ್ರಿಗಳು 10 ಡಿಗ್ರಿಯ ಹತ್ತಿರ ಇಳಿಯುತ್ತವೆ. ಚಳಿ ಜಾಸ್ತಿಯಾದರೆ ಮೈ ತಣ್ಣಗಾಗಿ, ಅಲ್ಲಾಡದೆ ಬಿದ್ದಿರುತ್ತದೆ. ಪಂಜರ ಬಾಲ್ಕನಿಯಲ್ಲಿ ಬೇಡವೇ ಬೇಡ. ಗಣಪತಿ ಹಬ್ಬದ ಢೋಲ್-ತಾಶಾ, ದೀಪಾವಳಿ ಪಟಾಕಿಯ ದಿನಗಳಲ್ಲಿ ಒಳಗಿನ ಕೋಣೆಗೆ ಒಯ್ಯಿರಿ.

ಮಗಳ ವಿಷಯ ಹೇಳಲೇಬೇಕು. ಈ ಪ್ರಾಣಿ ಏಳುವುದು ನಿಮ್ಮ ಮಗಳು ಮಲಗುವ ಹೊತ್ತಿಗೆ. ಅವಳು ಶಾಲೆಯಿಂದ ಬಂದಾಗ ಚೀಲದೊಳಗೆ ನಿದ್ದೆ. ಎಬ್ಬಿಸಿದರೆ ಕರ್ಕಶವಾಗಿ ಕಿರುಚುತ್ತದೆ, ಕಚ್ಚುತ್ತದೆ. ನಡುರಾತ್ರಿ ನಾಯಿಮರಿಯಂತೆ ಬೊಗಳುತ್ತದೆ, ವಾಸನೆಯೂ ಇದೆ. ಚೆನ್ನಾಗಿ ಸಾಕಿದರೆ 10-12 ವರ್ಷ ಬದುಕುತ್ತದೆ. ಅಷ್ಟು ಹೊತ್ತಿಗೆ ಮಗಳು ಕಾಲೇಜು ಮುಗಿಸಿ ಎಲ್ಲೋ ಇರುತ್ತಾಳೆ. ಸಾಕುವವರು ನೀವು, ಅವಳಲ್ಲ. ಹಾಗಾಗಿ ನಿಮಗೇ ಬೇಕಾ ಅಂತ ಕೇಳಿಕೊಳ್ಳಿ. ಅವಳಿಗಾಗಿ ಮಾತ್ರ ಅಂದರೆ ನನ್ನ ಉತ್ತರ: ಬೇಡ.

ಬೇಸರ ಬಂದರೆ ಊರೊಳಗಿನ ವೇತಾಳ ಟೇಕಡಿ ಗುಡ್ಡದಲ್ಲಿ ಬಿಟ್ಟರಾಯಿತು ಅನ್ನುವವರನ್ನೂ ನೋಡಿದ್ದೇನೆ. ನಮ್ಮ ಘಟ್ಟದ ಹಾರುವ ಅಳಿಲಿಗೂ ಇದಕ್ಕೂ ಸಂಬಂಧವಿಲ್ಲ. ಇದು ಕಾಂಗರೂ ಥರ ಹೊಟ್ಟೆಚೀಲದ ಪ್ರಾಣಿ, ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಟಾಸ್ಮೇನಿಯಾ ದ್ವೀಪಕ್ಕೆ ಮನುಷ್ಯರೇ ತಂದು ಬಿಟ್ಟ ಗ್ಲೈಡರ್‌ಗಳು ಈಗ ಅಳಿವಿನಂಚಿನಲ್ಲಿರುವ ಸ್ವಿಫ್ಟ್ ಗಿಳಿಯ ಗೂಡಿಗೆ ನುಗ್ಗಿ ಮೊಟ್ಟೆ, ಮರಿ, ತಾಯಿಹಕ್ಕಿಯನ್ನೂ ತಿನ್ನುತ್ತಿವೆ. ಇಲ್ಲಿ ಬಿಟ್ಟರೆ ಒಂದೋ ಅದು ಸಾಯುತ್ತದೆ, ಇಲ್ಲ ಇನ್ನೊಂದನ್ನು ಸಾಯಿಸುತ್ತದೆ.

ಇಷ್ಟಾದ ಮೇಲೂ ತರುವುದೇ ಅಂದರೆ, ಮೇ ತಿಂಗಳಲ್ಲಿ ನೀವು ಊರಿಗೆ ಹೋದಾಗ ದಿನಾ ರಾತ್ರಿ ಊಟ ಇಟ್ಟು, ನೀರು ಬದಲಿಸಿ, ಬೆರಳುಗಳನ್ನು ನೋಡುವವರು ಯಾರು ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಿ. ನಾವು ಪಕ್ಕದ ಫ್ಲ್ಯಾಟಿನ ಕಾಲೇಜು ಹುಡುಗನಿಗೆ ಎಲ್ಲ ಕಲಿಸಿದ್ದೇವೆ. ಅವನಿಗೆ ಪರೀಕ್ಷೆ ಇದ್ದಾಗ ನಮ್ಮಲ್ಲಿ ಒಬ್ಬರು ಊರಿಗೆ ಹೋಗುವುದಿಲ್ಲ.